ಮಾತು ಬಿಟ್ಟವರ ಕುದುರೆ ಪಿಚ್ಚರ್

ಮೊನ್ನೆ ಕನಕಪುರದಲ್ಲಿ ರಾಮನಗರದ ಬಸ್ಸು ಹತ್ತಿದರೆ ಸೀಟಿನ ಕೆಳಗೆ, ಓಡಾಡುವ ದಾರಿಯಲ್ಲಿ, ಡ್ರೈವರ್ ಪಕ್ಕದ ಎಂಜಿನ್ ಮೇಲೆ, ಎಲ್ಲೆಲ್ಲೂ ರೇಷ್ಮೆಗೂಡಿನ ಮೂಟೆ. "ಇದೇನ್ ಲಾರೀನಾ?" ಎಂದು ಕಂಡಕ್ಟರ್ ಕೂಗಾಡುತ್ತಿದ್ದ. "ಮೂಟೆಗೂ ಟಿಕೆಟ್ ಈಸ್ಕಂಡಿಲ್ವಾ, ಸುಮ್ಕಿರಯ್ಯ" ಎಂದು ಗೂಡಿನವರು ತಿರುಗಿ ಕೂಗುತ್ತಿದ್ದರು. ಹೊರಗೆ ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಊರು ದಾಟುವಷ್ಟರಲ್ಲಿ ಆ ವಾಸನೆ ಬಂತು. ರೇಷ್ಮೆ ಸಾಕಿದ ಮನೆಯವರಿಗೆ ಅದನ್ನು ಹೇಳಬೇಕಾಗಿಲ್ಲ, ಸಾಕದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ಒದ್ದೆ ಸೊಪ್ಪು, ಸುಣ್ಣ, ಹುಳದ ಹಿಕ್ಕೆ ಎಲ್ಲ ಕಲೆತ ಬೆಚ್ಚನೆಯ ನಾತ. ನಾನು ಸೆರಗು ಮೂಗಿಗೆ ಹಿಡಿದದ್ದು ನೋಡಿ ಪಕ್ಕದ ಹೆಂಗಸು "ವಾಂತಿ ಬಂದಂಗಾಯ್ತದಾ? ನಿಂಬೆಹಣ್ಣು ಐತೆ, ತಗಳಿ" ಎಂದಳು. ವಾಂತಿಯಲ್ಲ ತಾಯಿ, ನಮ್ಮ ಚಿಕ್ಕಮಾವ ನೆನಪಾದರು ಎಂದು ಹೇಳೋಕಾಗುತ್ತದೆಯೇ? ನಿಂಬೆಹಣ್ಣು ಈಸಿಕೊಂಡು ಮೂಸುತ್ತಾ ಕೂತೆ.

ಎರಡು ವರ್ಷದ ಹಿಂದಿನ ಕಾರ್ತಿಕದ ಮಾತು. ಆಗ ನಮ್ಮ ಮನೆಯಲ್ಲೂ ಹುಳ ಸಾಕುತ್ತಿದ್ದೆವು. ಮನೆಯಲ್ಲಿ ನನ್ನ ಮಾವ ರುದ್ರಪ್ಪ, ನನ್ನ ಗಂಡ ಮಹೇಶ, ನಾನು. ಅತ್ತೆ ನಾನು ಆ ಮನೆಗೆ ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಮಹೇಶ ಗೂಡ್ಸ್ ಟೆಂಪೊ ಓಡಿಸುತ್ತಾನೆ. ನಾನು ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿ ತರುವವರ ಜೊತೆ ಬೆಳಗ್ಗೆ ಸಂಜೆ ಜಗಳವಾಡಿ ನನ್ನ ಬಾಯಿ ಜೋರು ಎಂದು ಊರಲ್ಲಿ ಹೆಸರಾಗಿದೆ. ಹೆಸರು ಸುಳ್ಳೇನಲ್ಲ.

ಮಾವನ ಬಾಯಿ ಇದಕ್ಕೆ ತದ್ವಿರುದ್ಧ. ದಿನಕ್ಕೆ ನಾಲ್ಕು ಮಾತು ಆಡಿದರೆ ಅವತ್ತು ಮಳೆ ಬರುತ್ತದೆ ಎಂದು ನಾವು ಗಂಡ ಹೆಂಡತಿ ನಗುತ್ತಿದ್ದೆವು. ಪ್ರಾಯದಲ್ಲಿ ಅವರು ಬೆಂಗಳೂರಿನ ದಂಡಿನ ಕಡೆ ಒಂದು ಥಿಯೇಟರಿನಲ್ಲಿ ಗೇಟ್‌ಕೀಪರ್ ಆಗಿದ್ದವರು. ಅಲ್ಲಿಗೆ ಇಂಗ್ಲಿಷ್ ಪಿಚ್ಚರುಗಳು ಬರುತ್ತಿದ್ದವು. ಹೆಸರಾದ ಹೀರೋಗಳ, ಢಂ ಢಂ ಎಂದು ಗುಂಡು ಹಾರುವ ಪಿಚ್ಚರಿಗೆ ಜನ ಗೇಟು ಮುರಿಯುವಂತೆ ನುಗ್ಗುತ್ತಿದ್ದರಂತೆ. ಮಾವನಿಗೆ ಹಿಡಿಸಿದ್ದು ಅವಲ್ಲ. ಅವುಗಳ ಸಂದಿಯಲ್ಲಿ ಹಳೇ ಪ್ರಿಂಟಿನ, ಯಾರೂ ಕೇಳಿಲ್ಲದ ಕುದುರೆ ಪಿಚ್ಚರುಗಳು ಬಂದು, ಖಾಲಿ ಕುರ್ಚಿಗಳ ಮುಂದೆ ಎರಡು ದಿನ ಓಡಿ ಎತ್ತಂಗಡಿಯಾಗುತ್ತಿದ್ದವು. ಅವುಗಳ ಹುಚ್ಚು ಹತ್ತಿತು. ಊರಿಂದ ತಮ್ಮ ನಂಜಪ್ಪನನ್ನೂ ಕರೆಸಿಕೊಂಡು ಪುಕ್ಕಟೆಯಾಗಿ ಒಳಗೆ ಬಿಟ್ಟು ಅವರಿಗೂ ಆ ಹುಚ್ಚು ಹತ್ತಿಸಿದರು. ಇಬ್ಬರಿಗೂ ಇಂಗ್ಲಿಷಿನ ಗಂಧವಿಲ್ಲ.

ಮಹೇಶ ಟಿವಿಗೆ ನೆಟ್ಟು ಹಾಕಿಸಿದ ಮೇಲೆ ಆ ಹಳೇ ಪಿಚ್ಚರುಗಳು ಒಂದೊಂದಾಗಿ ನಮ್ಮ ನಡುಮನೆಗೆ ಬಂದವು. ಹುಡುಕಿಕೊಡುವವಳು ನಾನು. ಮೊದಮೊದಲು ನನಗೆ ತಲೆಬೇನೆ. ಒಬ್ಬ ಬರುತ್ತಾನೆ, ಕುದುರೆ ಕಟ್ಟುತ್ತಾನೆ, ಟೋಪಿ ತೆಗೆಯುತ್ತಾನೆ, ಕೈ ತೊಳೆಯುತ್ತಾನೆ, ಊಟಕ್ಕೆ ಕೂರುತ್ತಾನೆ. ಹೆಂಡತಿ ಬಡಿಸುತ್ತಾಳೆ. ಒಂದು ಮಾತಿಲ್ಲ. "ಮಾವ, ಇದರಲ್ಲಿ ಏನಾದ್ರೂ ಆಯ್ತದಾ?" ಎಂದು ಕೇಳಿದೆ. "ಆಯ್ತಾ ಐತೆ ಕಣವ್ವ. ಅವಳು ಅವನ ತಟ್ಟೆಗೆ ಎರಡನೇ ಸಲ ಹಾಕ್ನಿಲ್ಲ, ನೋಡು" ಎಂದರು. ನೋಡಿದೆ. ಹೌದು, ಹಾಕಲಿಲ್ಲ. ಅವತ್ತಿಂದ ನನಗೂ ಹುಚ್ಚು ಹಿಡಿಯಿತು.

ರಾಮನಗರದ ಬಂಡೆಗಳ ನಡುವೆ ಶೂಟಿಂಗ್ ಆದ ಹಿಂದಿ ಪಿಚ್ಚರಿನ ಬಗ್ಗೆ ನಮ್ಮ ಕಡೆಯ ಪ್ರತಿಯೊಬ್ಬನ ಹತ್ತಿರವೂ ಒಂದು ಕತೆಯಿದೆ. ಯಾರ ಅಜ್ಜನನ್ನು ಕೇಳಿದರೂ ಆ ಗುಂಪಿನಲ್ಲಿ ನಿಂತಿದ್ದವನೇ. ಮಾವ ಮಾತ್ರ "ಚಂದಾಗೈತೆ. ಆದ್ರೆ ಎಲ್ರೂ ಜಾಸ್ತಿ ಮಾತಾಡ್ತಾರೆ" ಎಂದು ಮುಗಿಸಿಬಿಡುತ್ತಿದ್ದರು. ಅವರಿಗೆ ಬೇಕಾಗಿದ್ದ ಪಿಚ್ಚರುಗಳಲ್ಲಿ ಒಂದೇ ಬೀದಿಯ ಊರು, ಒಣಗಿದ ಬಯಲು, ದುಡಿದು ಬೆನ್ನು ಬಾಗಿದ ನಾಲ್ಕೈದು ಜನ, ಅವರ ಎದೆಯಲ್ಲಿ ಒಂದು ಹಳೇ ಸಿಟ್ಟು. ಕೋವಿ ಗೋಡೆಯಲ್ಲಿ ತೂಗುತ್ತಿದ್ದರೂ ಅದನ್ನು ಇಳಿಸಬೇಕೋ ಬೇಡವೋ ಎನ್ನುವುದರಲ್ಲೇ ಪಿಚ್ಚರ್ ಮುಗಿಯುತ್ತದೆ. ಅಮೆರಿಕದವರು ನಮ್ಮ ಮಾವನನ್ನು ಕೂರಿಸಿಕೊಂಡು ಕತೆ ಬರೆದರೇನೋ ಎಂದು ನನಗೆ ಅನ್ನಿಸುತ್ತಿತ್ತು.

ಮಾವನ ಎದೆಯಲ್ಲೂ ಅಂಥದೊಂದಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಅಣ್ಣ ತಮ್ಮಂದಿರು ಭಾಗವಾದಾಗ ಚಿಕ್ಕಮಾವ ನಂಜಪ್ಪನ ಪಾಲಿಗೆ ಒಂದು ಬಂಡೆ ಬಂತು. ಅದನ್ನು ಅವರು ಕ್ವಾರಿಯವರಿಗೆ ಕೊಟ್ಟು, ತಾವೇ ಡ್ರಿಲ್ಲಿಂಗ್ ಮಿಷನ್ ಹಿಡಿದು ಕುಳಿ ಹೊಡೆಯುವ ಕೆಲಸಕ್ಕೂ ನಿಂತರು. ಕಲ್ಲಿನ ಧೂಳು ಹಾರಿ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತು. ಆ ಸೊಪ್ಪು ತಿಂದ ಹುಳ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ, ತಟ್ಟೆ ತಟ್ಟೆಯೇ ಸತ್ತು ಕಪ್ಪಾದವು. ಮಾವ ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಊರ ಮುಂದಿನ ಮಾದಪ್ಪನ ಗುಡಿಯ ಹತ್ತಿರ ತಮ್ಮನ ಕಾಲ ಬುಡಕ್ಕೆ ಸುರಿದರು. "ಇನ್ನು ನಿನ್ನ ಮಾತಾಡಿಸಿದ್ರೆ ನನ್ನ ಮಗನ್ನ ನಾನೇ ಮಣ್ಣು ಮಾಡ್ದಂಗೆ, ಮಾದಪ್ಪನಾಣೆ" ಎಂದರು. ಪಕ್ಕದಲ್ಲೇ ನಿಂತಿದ್ದ ಮಹೇಶನ ನೆತ್ತಿಯ ಮೇಲೆ ಕೈಯಿಟ್ಟು ಹೇಳಿದರಂತೆ. ಇಡೀ ಊರು ಕೇಳಿಸಿಕೊಂಡಿತು. ಮಕ್ಕಳಿಲ್ಲದ ಚಿಕ್ಕಮಾವ ಮಹೇಶನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದವರು. ಅವರು ಚೆಲ್ಲಿದ ಹುಳವನ್ನು ದಾಟಿಕೊಂಡು ಮನೆಗೆ ಹೋದರಂತೆ.

ನಾನು ಮದುವೆಯಾಗಿ ಬಂದಾಗ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕ್ವಾರಿಯೂ ಮುಗಿದು ನೀರು ತುಂಬಿದ ಹಳ್ಳವೊಂದು ಉಳಿದಿತ್ತು. ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ನೇರ ಮಾತಾಡಬಾರದು, ಅಷ್ಟೇ. ಮೂರನೆಯವರಿಗೆ ಹೇಳಿದಂತೆ ಹೇಳಬಹುದು, ಎಮ್ಮೆಗೆ ಬೈದಂತೆ ಬೈಯಬಹುದು. ಸಂಜೆ ಪಿಚ್ಚರ್ ಹಾಕಿದರೆ ಚಿಕ್ಕಮಾವ ಬಂದು ನಮ್ಮ ಜಗಲಿಯ ಮೇಲೆ, ಬಾಗಿಲಿನಾಚೆ ಕೂರುತ್ತಿದ್ದರು. ಮಾವ ಒಳಗೆ ಕಂಬಕ್ಕೊರಗಿ. ಹೊಸಿಲ ಹತ್ತಿರ ನಾನು, ಇಬ್ಬರಿಗೂ ಟಪಾಲಿನವಳು.

ಒಂದು ಪಿಚ್ಚರ್ ನೆನಪಿದೆ. ಒಬ್ಬ ಕಮ್ಮಾರ. ಅವನ ಮಗನನ್ನು ಕೊಂದ ನಾಲ್ವರು ಅವನ ಕುಲುಮೆಗೇ ಬಂದು ಕುದುರೆಗಳಿಗೆ ಲಾಳ ಕಟ್ಟು ಎನ್ನುತ್ತಾರೆ. ಇಡೀ ಪಿಚ್ಚರ್ ಅವನು ಲಾಳ ಕಟ್ಟುವುದೇ. ಕೊನೆಗೆ ನಾಲ್ವರೂ ಬೆಟ್ಟದ ಕಡೆ ಹೋಗುತ್ತಾರೆ, ಅವನು ಸುತ್ತಿಗೆ ಕೆಳಗಿಟ್ಟು ನೋಡುತ್ತಾ ನಿಲ್ಲುತ್ತಾನೆ. ಮುಗಿಯಿತು.

"ಒಂದು ಮೊಳೆ ಓರೆ ಹೊಡ್ದವ್ನೆ. ಬೆಟ್ಟದ ಇಳಿಜಾರಲ್ಲಿ ಕುದ್ರೆ ಮುಗ್ಗರಿಸ್ತದೆ ಅಂತ ನಿಮ್ಮಾವನಿಗೆ ಯೋಳವ್ವ" ಎಂದರು ಚಿಕ್ಕಮಾವ ಜಗಲಿಯಿಂದ.

"ಕುದ್ರೆ ಏನ್ ತಪ್ಪು ಮಾಡಿತ್ತು? ಅಂಗೆ ಹೊಡೆದಿರಾಕಿಲ್ಲ ಅಂತ ನಿನ್ನ ಚಿಕ್ಮಾವನಿಗೆ ಯೋಳು" ಎಂದರು ಮಾವ.

"ಮಗನ್ನ ಕಳ್ಕಂಡವ್ನು ಕುದ್ರೆ ಮುಖ ನೋಡ್ತಾನಾ, ಕೇಳು."

"ಕಸುಬಿನವ್ನು ನೋಡ್ತಾನೆ. ಯೋಳು."

ಇಬ್ಬರ ಕಿವಿಯೂ ಚುರುಕು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂದಿರುತ್ತಿತ್ತು. ಆದರೂ ನಾನು ಹೇಳಲೇಬೇಕು, ಹೇಳದಿದ್ದರೆ ನೇರ ಮಾತಾಡಿದಂತಾಯಿತಲ್ಲ! ಆ ಒಂದು ಮೊಳೆಯ ವ್ಯಾಜ್ಯ ತಿಂಗಳುಗಟ್ಟಲೆ ನಡೆಯಿತು. ಹೊಲದಲ್ಲಿ ರಾಗಿ ಕಳೆ ಕೀಳುವಾಗಲೂ ಬದುವಿನ ಆಚೆಯಿಂದ "ಮೊಳೆ ಹೊಡೆಯುವಾಗ ಅವನ ಕಣ್ಣು ನೋಡಿದ್ಯೇನವ್ವ?" ಎಂಬ ಕೂಗು ಬರುತ್ತಿತ್ತು. ಊರವರಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. ಹೆಸರಾದ ಪಿಚ್ಚರ್ ಆಗಿದ್ದರೆ ಊರೆಲ್ಲ ಬಾಯಿ ಹಾಕುತ್ತಿತ್ತು. ಯಾರೂ ನೋಡದ ಪಿಚ್ಚರ್ ಆದ್ದರಿಂದ ಅದು ಅವರಿಬ್ಬರದೇ ಆಗಿತ್ತು. ಹಾಗೆ ಅವರು ಮಾತಾಡಿದ್ದು ಕಮ್ಮಾರನ ಬಗ್ಗೆ ಅಲ್ಲವೇ ಅಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಆ ವರ್ಷ ಹಸ್ತ ಮಳೆಯ ಹೊತ್ತಿಗೆ ಚಿಕ್ಕಮಾವನಿಗೆ ಜಗಲಿ ಹತ್ತುವುದಕ್ಕೂ ಏದುಸಿರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಮಹೇಶನೇ ಟೆಂಪೊದಲ್ಲಿ ಕರೆದುಕೊಂಡು ಹೋದ. ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಗಟ್ಟಿಯಾಗಿದೆ, ತೆಗೆಯುವ ಔಷಧಿಯಿಲ್ಲ, ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದರು. ನಮ್ಮ ಹುಳವನ್ನು ಕೊಂದ ಅದೇ ಧೂಳು. ಮಹೇಶ ಬಂದು ಹೇಳಿದಾಗ ಮಾವ ಸೊಪ್ಪು ಕತ್ತರಿಸುತ್ತಿದ್ದರು. ಕತ್ತರಿಸುತ್ತಲೇ ಇದ್ದರು. ಆಮೇಲೆ ನೋಡಿದರೆ ಬೆರಳಿಂದ ರಕ್ತ ಸೋರಿ ಸೊಪ್ಪೆಲ್ಲ ಆಗಿದೆ.

ಎರಡು ದಿನವಾದ ಮೇಲೆ ಮಾವ ನನ್ನನ್ನು ಕರೆದು "ಆಣೆ ಬಿಡಿಸಬೇಕು" ಎಂದರು. ಹಾಗೆಂದರೆ ಮಾತು ಬಿಟ್ಟ ಇಬ್ಬರೂ, ಯಾರ ತಲೆಯ ಮೇಲೆ ಆಣೆಯಿಟ್ಟರೋ ಅವನೂ, ಒಟ್ಟಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ, ತಪ್ಪುಕಾಣಿಕೆ ಕಟ್ಟಿ, ದೇವರ ಮುಂದೆ ಮಾತಾಡಬೇಕು. ಅದಾಗುವವರೆಗೆ ಒಂದಕ್ಷರ ಆಡಿದರೂ ಆಣೆ ತಲೆಯ ಮೇಲೆ ಬೀಳುತ್ತದೆ. ನಾನು ಓಡಿ ಹೋಗಿ ಹೇಳಿದೆ. ಚಿಕ್ಕಮಾವ ನಕ್ಕು, ಕೆಮ್ಮಿ, "ಕಾರ್ತಿಕ ಸೋಮವಾರ ಹೋಗಾನ ಅಂತ ಯೋಳು" ಎಂದರು. ಮಹೇಶ ಟೆಂಪೊದಲ್ಲಿ ಹಾಸಿಗೆ ಹಾಸುವುದು, ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ತರುವುದು ಎಲ್ಲ ಗೊತ್ತು ಮಾಡಿದ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಸೈಕ್ಲೋನ್ ಮಳೆ ಹಿಡಿಯಿತು. ಕೊಯ್ದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು. ಮನೆಯೊಳಗೂ ಮೈ ನಡುಗುವ ತಂಡಿ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ನಿಲ್ಲುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಮ್ಮ ಹುಳ ಕೊನೆಯ ಜ್ವರಕ್ಕೆ ಕೂತಿತ್ತು, ತಂಡಿಗೆ ಏಳುತ್ತಲೇ ಇಲ್ಲ. ಭಾನುವಾರವೇ ಎದ್ದು ಸೊಪ್ಪು ತಿನ್ನಬೇಕಾಗಿದ್ದ ಹುಳ ಸೋಮವಾರವೂ ಹಾಗೇ ನಿಂತಿತ್ತು. ಏಳುವ ಹೊತ್ತಿಗೆ ಸೊಪ್ಪು ಹಾಕಲು ಮನೆಯಲ್ಲಿ ಸಾಕಷ್ಟು ಆಳಿಲ್ಲದಿದ್ದರೆ ಬೆಳೆ ಹೋದಂತೆಯೇ, ನಾನೊಬ್ಬಳಿಂದ ಆಗುವುದಲ್ಲ. ಮಾವ "ಹುಳ ಹಾಳಾಗ್ಲಿ, ಹೊರಡಾನ ಅಂತ ಯೋಳು" ಎಂದು ನನ್ನನ್ನು ಕಳಿಸಿದರು. ಚಿಕ್ಕಮಾವ ಒಪ್ಪಲಿಲ್ಲ.

"ಮೊದ್ಲು ಹುಳ. ಒಂದ್ಸಲ ನನ್ನಿಂದ ಬೆಳೆ ಹೋಗೈತೆ, ಇನ್ನೊಂದ್ಸಲ ನನ್ನಿಂದ ಹೋಗಬಾರ್ದು. ಮುಂದಿನ ಸೋಮವಾರ ಹೋಗಾನ. ನಾನೇನ್ ಓಡೋಯ್ತೀನಾ ಅಂತ ಕೇಳು ನಿಮ್ಮಾವನ್ನ."

"ನಿಮಗೆ ಬುದ್ಧಿ ಐತಾ ಚಿಕ್ಮಾವ? ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತದೆ" ಎಂದು ನಾನು ರೇಗಿದೆ.

"ಬುದ್ಧಿ ಇದ್ದಿದ್ರೆ ಬಂಡೆ ಕೊಡ್ತಿದ್ನಾ?" ಎಂದರು.

ಹುಳ ಎದ್ದಿತು, ತಿಂದಿತು. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಇತ್ತ ಚಿಕ್ಕಮಾವ ಹಾಸಿಗೆಯಿಂದ ಏಳುವುದು ನಿಂತಿತು. ಶನಿವಾರ ಮಧ್ಯಾಹ್ನ ಚಿಕ್ಕತ್ತೆ ಓಡಿ ಬಂದು "ತುಟಿ ನೀಲಿಯಾಗೈತೆ, ಬೆಟ್ಟದ ಮಾತು ಮರೀರಿ" ಎಂದು ಅತ್ತರು. ಮಾವ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. ಗೋಡೆಯಿಂದ ಟಿವಿ ಬಿಚ್ಚಿಸಿ, ಗೋಣಿಚೀಲ ಹೊದಿಸಿ, ಅದನ್ನು ಹೆಗಲ ಮೇಲಿಟ್ಟುಕೊಂಡು ಮಳೆಯಲ್ಲೇ ತಮ್ಮನ ಮನೆಗೆ ನಡೆದರು. ಜಗಳವಾದ ಮೇಲೆ ಆ ಹೊಸಿಲು ಅವರು ದಾಟಿದ್ದು ಅದೇ ಮೊದಲು.

ಮಹೇಶನ ಫೋನಿನ ನೆಟ್ಟಿನಲ್ಲಿ ಯಾವುದೋ ಒಂದು ಪಿಚ್ಚರ್ ಹಾಕಿದೆ. ಯಾವುದೆಂದು ನನಗೀಗ ನೆನಪಿಲ್ಲ, ಆವತ್ತೂ ಕಣ್ಣು ಅದರ ಮೇಲಿರಲಿಲ್ಲ. ಆಕ್ಸಿಜನ್ ಮಿಷನ್ನಿನ ಗುರ್ ಗುರ್ ಸದ್ದು, ಹೆಂಚಿನ ಮೇಲೆ ಮಳೆ. ಅಣ್ಣ ತಮ್ಮ ಒಂದೇ ಗೋಡೆಗೆ ಒರಗಿ, ಭುಜಕ್ಕೆ ಭುಜ ತಾಗಿಸಿಕೊಂಡು ಪರದೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮಹೇಶ ಸಿಲಿಂಡರ್ ಜೋಡಿಸಿದ. ಟಿವಿ ಕಪ್ಪಾಯಿತು, ಮಾತಾಡಿಕೊಳ್ಳಲು ಇದ್ದ ಒಂದು ನೆಪವೂ ಹೋಯಿತು.

ಚಿಕ್ಕಮಾವ ತಿರುಗಿ ಅಣ್ಣನ ಮುಖ ನೋಡಿದರು. ನೋಡುತ್ತಲೇ ಇದ್ದರು.

"ಏನ್ ಹೇಳ್ಬೇಕು ಹೇಳಿ ಮಾವ, ನಾನು ಹೇಳ್ತೀನಿ" ಎಂದೆ.

"ನೀನು ಹೇಳಿದ್ರೆ ಅದು ನಿನ್ನ ಮಾತಾಯ್ತದೆ ಕಣವ್ವ" ಎಂದರು ಮಾವ.

ಮಹೇಶ ಮುಂದೆ ಬಂದ. "ಅಪ್ಪ, ಮಾತಾಡು. ನಂಗೇನೂ ಆಗಾಕಿಲ್ಲ. ನನ್ನ ತಲೆ ಏನ್ ಚಿನ್ನದ್ದಾ? ಒಂದ್ಸಲ ಹೆಸರಿಡಿದು ಕರಿ ಸಾಕು."

ಮಾವ ನನ್ನ ಕಡೆ ನೋಡಿದರು. ನಾನು ಬಿ.ಎ. ಓದಿದವಳು, ಆಣೆ ಗೀಣೆ ಎಲ್ಲ ಗೊಡ್ಡು ಎಂದು ಡೈರಿಯಲ್ಲಿ ಭಾಷಣ ಬಿಗಿಯುವವಳು. "ಮಾತಾಡಿ ಮಾವ" ಎಂದೆ, ನಿಜ. ಆದರೆ ಹೇಳುವಾಗ ಮಳೆಯಲ್ಲಿ ನೆನೆದ ರಸ್ತೆ, ಲೋಡು ತುಂಬಿದ ಟೆಂಪೊ, ಅದರ ಸವೆದ ಟೈರು ಎಲ್ಲ ಕಣ್ಣ ಮುಂದೆ ಬಂದವು.

ಮಾವ ಬಾಯಿ ತೆರೆದರು. ಚಿಕ್ಕಮಾವನ ಕೈ ಎದ್ದಿತು. ನೀರಿನ ಲೋಟ ಎತ್ತಲೂ ಆಗದಿದ್ದ ಆ ಕೈ ಮೇಲೆ ಬಂದು ಅಣ್ಣನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. ತಲೆ ಅಡ್ಡಡ್ಡ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದು ಮಾತಿಗೂ ಒಂದೊಂದು ಉಸಿರು ತೆಗೆದುಕೊಂಡು ಹೇಳಿದರು. "ಬ್ಯಾಡ... ಅಂತ ಯೋಳವ್ವ. ಇರೋ ಮಗ... ಒಬ್ಬ."

ಆ ಕೈ ಎದ್ದಾಗ ನನಗೆ ಹೋದ ಜೀವ ಬಂದಂತಾಯಿತು. ಅಳು ಬಂದದ್ದು ಆಮೇಲೆ. ಮಾವ ಬಾಯಿಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಒತ್ತಿಕೊಂಡು ಕೂತರು.

ಭಾನುವಾರ ಬೆಳಗ್ಗೆ ಚಿಕ್ಕಮಾವ ಹೋದರು. ನಮ್ಮವರಲ್ಲಿ ಸುಡುವುದಿಲ್ಲ, ಕೂರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅವರ ಹೊಲದಲ್ಲೇ ಗುಂಡಿ ತೋಡಿದರು. ಮಳೆಗೆ ಅಂಚು ಕುಸಿದು ಎರಡು ಸಲ ಮತ್ತೆ ತೋಡಬೇಕಾಯಿತು. ಒಳಗಿಳಿದು ದೇಹವನ್ನು ಈಸಿಕೊಂಡು, ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಲು ಒಬ್ಬರು ಬೇಕು. ಮಗನ ಸ್ಥಾನದಲ್ಲಿ ಮಹೇಶ ಪಂಚೆ ಎತ್ತಿ ಕಟ್ಟಿದ. ಮಾವ ಅವನ ಭುಜ ಹಿಡಿದು ಹಿಂದಕ್ಕೆಳೆದರು. ಆ ವಯಸ್ಸಿನಲ್ಲಿ, ಜಾರುವ ಮಣ್ಣಿನಲ್ಲಿ, ತಾವೇ ಇಳಿಯಲು ಹೊರಟರು. ಒಂದು ಕಾಲು ಒಳಗಿಟ್ಟವರು ನಿಂತು ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರನ್ನು ಕೇಳಿದರು.

"ಅಯ್ಯಾ, ಉಸುರು ಹೋದ್ಮೇಲೂ ಆಣೆ ಇರ್ತದಾ?"

"ಆಣೆ ಬದುಕಿರೋರಿಗೆ ರುದ್ರಪ್ಪ. ಅವನೀಗ ಶಿವನ ಪಾಲು" ಎಂದರು ಅಯ್ಯನವರು.

ದೇಹವನ್ನು ಕೆಳಗಿಳಿಸಿದರು. ಮಾವ ಅಪ್ಪಿ ಈಸಿಕೊಂಡು ಕೂರಿಸಿದರು. ಅದು ಒಂದು ಪಕ್ಕಕ್ಕೆ ವಾಲಿತು. ಮತ್ತೆ ಕೂರಿಸಿದರು, ಮತ್ತೆ ವಾಲಿತು. ಆಗ ಗುಂಡಿಯೊಳಗಿಂದ ಮಾವನ ದನಿ ಬಂತು.

"ಸರಿಯಾಗಿ ಕೂತ್ಕಳ್ಲಾ ನಂಜ. ಕಾಲು ಮಡಿಚ್ಕೋ. ಅಂಗೆ. ಗೋಡೆ ತಂಡಿ ಐತೇನ್ಲಾ? ಒರಗ್ಕೋ, ನನ್ನ ಮೇಲೆ ಒರಗ್ಕೋ."

ಮಹೇಶ ನನ್ನ ಪಕ್ಕದಲ್ಲಿ ನಿಂತು ಮುಷ್ಟಿ ಬಾಯಿಗೆ ತುರುಕಿಕೊಂಡಿದ್ದ. ಮಾವ ತಮ್ಮನ ಕಾಲು ಸರಿಮಾಡುತ್ತಾ, ಹಣೆಯ ವಿಭೂತಿ ತಿದ್ದುತ್ತಾ ಮಾತಾಡುತ್ತಲೇ ಇದ್ದರು. ಸತ್ತ ಹುಳದ ಮಾತು, ಸುರಿದ ಮಂಕರಿಯ ಮಾತು, ಸಿಟ್ಟಿನ ಮಾತು. ನನ್ನ ಮಾವ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮಳೆ ಮತ್ತೆ ಹನಿಯತೊಡಗಿತು. ಪತ್ರೆ, ಉಪ್ಪು ಎಲ್ಲ ಹಿಡಿದುಕೊಂಡು ಜನ ಕಾಯುತ್ತಿದ್ದರು.

"ಹೊತ್ತಾಯ್ತು ರುದ್ರಪ್ಪ, ಮೇಲೆ ಬಾ. ಮಣ್ಣು ಎಳೀಬೇಕು" ಎಂದರು ಅಯ್ಯನವರು.

ಮಾವ ತಲೆಯೆತ್ತದೆ ಕೈ ಮಾತ್ರ ಮೇಲೆತ್ತಿ ತಡೆದರು.

"ಒಸಿ ತಡೀರಿ ಅಯ್ಯಾ. ಇವನಿನ್ನೂ ಏನೂ ಅಂದಿಲ್ಲ."